ಮಂತ್ರವೂ ಯಂತ್ರವೂ ಒಂದೇ ಲೋಕದಲ್ಲಿ: ನಿಮ್ಮ ಆಟಕ್ಕೆ ಯಾವ ದಾರಿ ಹೊಂದುತ್ತದೆ?

ಫ್ಯಾಂಟಸಿ ಆಟದ ಲೋಕ ಕಟ್ಟಲು ಕೂತವರೆಲ್ಲ ಎಡವುವ ಕಲ್ಲು ಒಂದೇ. ಕೈ ಬೀಸಿದರೆ ಬೆಂಕಿ ಹುಟ್ಟಿಸುವ ಮಾಂತ್ರಿಕ ಊರಲ್ಲಿರುವಾಗ ಕೋವಿ ಯಾರಿಗೆ ಬೇಕು? ಕಣ್ಣು ಮುಚ್ಚಿ ತೆರೆಯುವುದರೊಳಗೆ ಕುಂಬಳೆಯಿಂದ ಕಾಶಿಗೆ ಹೋಗುವ ವಿದ್ಯೆ ಗೊತ್ತಿದ್ದವರು ರೈಲು ಹಳಿ ಯಾಕೆ ಹಾಕಿದರು? ಇದಕ್ಕೆ ಉತ್ತರ ಇಟ್ಟುಕೊಳ್ಳದೆ ಆಟ ಶುರು ಮಾಡಿದರೆ ಎರಡನೇ ದಿನವೇ ಯಾರಾದರೊಬ್ಬರು ಕೇಳುತ್ತಾರೆ. ಆಟ ನಡೆಸುವವರು ಗಂಟಲು ಸರಿ ಮಾಡಿಕೊಂಡು ಏನೋ ಹೇಳುತ್ತಾರೆ. ಅಲ್ಲಿಂದ ಆ ಲೋಕದ ಮೇಲೆ ಯಾರಿಗೂ ನಂಬಿಕೆ ಹುಟ್ಟುವುದಿಲ್ಲ.

ಕಾಸರಗೋಡು, ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ರಜೆಯಲ್ಲಿ ಡೈಸ್ ಹಿಡಿದು ಟೇಬಲ್‌ಟಾಪ್ (ಮೇಜಿನ ಸುತ್ತ ಕೂತು ಒಬ್ಬೊಬ್ಬರು ಒಂದೊಂದು ಪಾತ್ರವಾಗುವ ಆಟ) ಆಡುವವರನ್ನೂ ಲ್ಯಾಪ್‌ಟಾಪಿನಲ್ಲಿ ಸ್ವಂತ ಗೇಮ್ ಮಾಡಲು ಹೊರಟವರನ್ನೂ ಮನಸ್ಸಿನಲ್ಲಿಟ್ಟು ಇದನ್ನು ಬರೆಯುತ್ತಿದ್ದೇನೆ. ಮಂತ್ರವನ್ನೂ ಯಂತ್ರವನ್ನೂ ಒಂದೇ ಲೋಕದಲ್ಲಿ ಇಡಲು ಹಲವು ದಾರಿಗಳಿವೆ. ಯಾವುದನ್ನು ಆರಿಸುವ ಮೊದಲೂ ಮೂರು ವಿಷಯ ತೀರ್ಮಾನವಾಗಲೇಬೇಕು. ಆ ಶಕ್ತಿ ಯಾರ ಕೈಗೆ ಸಿಗುತ್ತದೆ? ಬಳಸಿದಾಗ ಏನು ಖರ್ಚಾಗುತ್ತದೆ? ಆ ಖರ್ಚು ಯಾರ ತಲೆ ಮೇಲೆ ಬೀಳುತ್ತದೆ? ಮೂರನೆಯದನ್ನು ಹೆಚ್ಚಿನವರು ಕೇಳುವುದೇ ಇಲ್ಲ. ಒಳ್ಳೆಯ ಕಥೆಗಳೆಲ್ಲ ಹುಟ್ಟುವುದು ಅಲ್ಲಿಯೇ.

ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಮೈನ್‌ಕ್ರಾಫ್ಟ್ ಗೇಮ್ ಆಡಿದವರಿಗೆ ಮೊದಲ ಎರಡು ಪ್ರಶ್ನೆ ಬೇಗ ಹಿಡಿತಕ್ಕೆ ಬರುತ್ತದೆ. ಅದರಲ್ಲಿ ತಂತಿಯ ಕೆಲಸ ಮಾಡುವ ರೆಡ್‌ಸ್ಟೋನ್ ಪುಡಿ ಹಾಕಿದರೆ ಸಿಗ್ನಲ್ 15 ಬ್ಲಾಕ್ ದೂರ ಹೋಗುತ್ತದೆ. ಮುಂದೆ ಹೋಗಬೇಕಾದರೆ ನಡುವೆ ರಿಪೀಟರ್ ಇಡಬೇಕು. ಇದು ನಿಮ್ಮ ಮನೆಯಲ್ಲೂ ಹಾಗೆಯೇ, ನಿಮ್ಮ ತಂಗಿಯ ಫೋನಿನಲ್ಲೂ ಹಾಗೆಯೇ. ಒಬ್ಬರು ಮಾಡಿದ ಬಾಗಿಲಿನ ಸರ್ಕ್ಯೂಟನ್ನು ಇನ್ನೊಬ್ಬರು ನೋಡಿ ನಕಲು ಮಾಡಬಹುದು. ಆಯುಧಕ್ಕೆ ಮಂತ್ರ ಹಾಕುವ ಎನ್‌ಚಾಂಟಿಂಗ್ ಟೇಬಲ್ ಹಾಗಲ್ಲ. ಸುತ್ತ 15 ಪುಸ್ತಕದ ಕಪಾಟು ಇಟ್ಟು, ಲ್ಯಾಪಿಸ್ ಕಲ್ಲು ಹಾಕಿ, ಬೆವರು ಸುರಿಸಿ ಗಳಿಸಿದ ಲೆವೆಲನ್ನು ಕೊಟ್ಟ ಮೇಲೂ ಕತ್ತಿಗೆ ಏನೇನು ಬರುತ್ತದೆಂದು ಪೂರ್ತಿ ಹೇಳುವುದಿಲ್ಲ; ಒಂದನ್ನು ಮಾತ್ರ ಮೊದಲೇ ತೋರಿಸುತ್ತದೆ. ಯಂತ್ರ ಯಾರು ಮುಟ್ಟಿದರೂ ಒಂದೇ ಉತ್ತರ ಕೊಡುತ್ತದೆ, ಮಂತ್ರ ಕೇಳಿದವರನ್ನು ನೋಡಿ ಕೊಡುತ್ತದೆ. ಈ ಒಂದು ವ್ಯತ್ಯಾಸ ಉಳಿಸಿಕೊಂಡರೆ ಎರಡೂ ಒಂದೇ ಹಿತ್ತಿಲಲ್ಲಿ ಇರಬಹುದು. ಇದನ್ನು ಕಳೆದುಕೊಂಡ ಲೋಕದಲ್ಲಿ ಮಂತ್ರವೆಂದರೆ ಬಣ್ಣ ಬಳಿದ ಬಂದೂಕು, ಅಷ್ಟೆ.

ಒಂದಕ್ಕೊಂದು ಆಗದ ಲೋಕ

ಮೊದಲ ದಾರಿ, ಎರಡಕ್ಕೂ ಹಗೆ ಕಟ್ಟುವುದು. ಇದನ್ನು ನಿಯಮದ ಮಟ್ಟಕ್ಕೆ ಇಳಿಸಿ ತೋರಿಸಿದ್ದು ಟ್ರೋಯಿಕಾ ಗೇಮ್ಸ್ ತಯಾರಿಸಿ 2001ರಲ್ಲಿ ಹೊರಬಂದ ಆರ್ಕೇನಮ್ ಎಂಬ ಕಂಪ್ಯೂಟರ್ ಗೇಮ್. ಉಗಿ ಎಂಜಿನ್ ಬಂದಿರುವ, ಎಲ್ಫ್‌ಗಳೂ ಡ್ವಾರ್ಫ್‌ಗಳೂ ಬದುಕುವ ಲೋಕ ಅದು. ಯಂತ್ರ ಪ್ರಕೃತಿಯ ನಿಯಮವನ್ನು ಹಿಡಿದು ನಡೆಯುತ್ತದೆ, ಮಂತ್ರ ಅದೇ ನಿಯಮವನ್ನು ಬಗ್ಗಿಸುತ್ತದೆ. ಹಾಗಾಗಿ ಎರಡೂ ಹತ್ತಿರ ಬಂದರೆ ಒಂದು ಕೆಡುತ್ತದೆ. ನಿಮ್ಮ ಪಾತ್ರಕ್ಕೆ ಒಂದು ತಕ್ಕಡಿ ಉಂಟು. ಮಂತ್ರ ಕಲಿತಷ್ಟೂ ಮುಳ್ಳು ಒಂದು ಕಡೆ, ಯಂತ್ರವಿದ್ಯೆ ಕಲಿತಷ್ಟೂ ಇನ್ನೊಂದು ಕಡೆ. ಯಂತ್ರದ ಕಡೆ ವಾಲಿದವನಿಗೆ ಗಾಯ ವಾಸಿ ಮಾಡುವ ಮಂತ್ರವೂ ಸರಿಯಾಗಿ ಹತ್ತುವುದಿಲ್ಲ.

ಒಬ್ಬರೇ ಕೂತು ಆಡುವ ಗೇಮಿಗೆ ಇದರಷ್ಟು ಗಟ್ಟಿಯಾದ ದಾರಿ ಇನ್ನೊಂದಿಲ್ಲ. ಪ್ರತಿ ಆಯ್ಕೆಯೂ ಮೈಗೆ ತಾಗುತ್ತದೆ. ಆದರೆ ನಾಲ್ಕು ಜನ ಮೇಜಿನ ಸುತ್ತ ಕೂತಾಗ ಇದೇ ನಿಯಮ ಗೆಳೆಯರನ್ನು ಬೇರೆ ಮಾಡುತ್ತದೆ. ಒಬ್ಬಳ ವೈದ್ಯ ಇನ್ನೊಬ್ಬನ ಮೆಕ್ಯಾನಿಕನನ್ನು ಮುಟ್ಟುವಂತಿಲ್ಲ ಎಂದರೆ ತಂಡ ಕಟ್ಟಿದ್ದಾದರೂ ಯಾಕೆ? ಹಗೆಯೇ ಬೇಕು ಎನ್ನುವವರಿಗೆ ನಾನು ಶಾಡೋರನ್‌ನ ದಾರಿ ಹೇಳುತ್ತೇನೆ. 1989ರಲ್ಲಿ ಬಂದ ಈ ಟೇಬಲ್‌ಟಾಪ್ ಆಟದ ಮೊದಲ ಆವೃತ್ತಿಯ ಕಥೆ ನಡೆಯುವುದು 2050ರಲ್ಲಿ. ಮಂತ್ರ ಲೋಕಕ್ಕೆ ಮರಳಿದ್ದು 2011ರಲ್ಲಿ. ಅಲ್ಲಿ ಪ್ರತಿಯೊಬ್ಬರಿಗೂ ಎಸೆನ್ಸ್ ಎಂಬ 6 ಅಂಕ ಇರುತ್ತದೆ. ಲೋಹದ ಕೈ, ಕೃತಕ ಕಣ್ಣು, ನರಕ್ಕೆ ಸೇರಿಸಿದ ತಂತಿ, ಏನು ಹಾಕಿಸಿಕೊಂಡರೂ ಅದರಲ್ಲಿ ಕಡಿತ. ಎಸೆನ್ಸ್ ಇಳಿದಂತೆ ಮಂತ್ರದ ಬಲವೂ ಇಳಿಯುತ್ತದೆ. ಹಗೆ ಇಲ್ಲೂ ಇದೆ, ಆದರೆ ಅದು ಒಬ್ಬೊಬ್ಬರ ಮೈಯೊಳಗೆ. ಪಕ್ಕದಲ್ಲಿ ಕೂತವನ ಲೋಹದ ಕೈಯಿಂದ ನಿಮ್ಮ ಮಂತ್ರದ ಬಲ ಇಳಿಯುವುದಿಲ್ಲ. ಜಗಳ ಪಾತ್ರದ ಮನಸ್ಸಿನಲ್ಲಿ ಉಳಿದು ಗೆಳೆತನ ಉಳಿಯುತ್ತದೆ.

ಮಂತ್ರವೇ ಕರೆಂಟು

ಎರಡನೇ ದಾರಿಯಲ್ಲಿ ಮಂತ್ರ ಯಂತ್ರದ ಕೆಲಸ ಮಾಡುತ್ತದೆ. 2002ರಲ್ಲಿ ವಿಝರ್ಡ್ಸ್ ಆಫ್ ದಿ ಕೋಸ್ಟ್ ಕಂಪೆನಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ ತನ್ನ ಟೇಬಲ್‌ಟಾಪ್ ಆಟಕ್ಕೆ ಹೊಸ ಲೋಕ ಬೇಕೆಂದು ಸ್ಪರ್ಧೆ ಕರೆಯಿತು. 11,000ಕ್ಕೂ ಹೆಚ್ಚು ಪ್ರಸ್ತಾವಗಳು ಬಂದವು. ಗೆದ್ದದ್ದು ಕೀತ್ ಬೇಕರ್ ಕಳಿಸಿದ ಎಬೆರಾನ್. 2004ರಲ್ಲಿ ಅದು ಹೊರಬಂತು. ಅಲ್ಲಿ ಬೀದಿದೀಪ ಮಂತ್ರದ್ದು. ವಿಮಾನದಂಥ ಹಡಗುಗಳು ಹಾರುವುದು ಕಟ್ಟಿಹಾಕಿದ ಪಂಚಭೂತದ ಜೀವಿಗಳ ಬಲದಿಂದ. ನೆಲದಲ್ಲಿ ಸಾಲಾಗಿ ಇಟ್ಟ ಕಲ್ಲುಗಳ ಮೇಲೆ ಮಿಂಚಿನ ರೈಲು ತೇಲಿಕೊಂಡು ಹೋಗುತ್ತದೆ. ಮಹಾಮಾಂತ್ರಿಕರು ಬೆರಳೆಣಿಕೆಯಷ್ಟು; ಸಣ್ಣ ಮಂತ್ರ ಬಲ್ಲ ಕೂಲಿಕಾರರು ಊರೂರಲ್ಲಿ. ನಮ್ಮಲ್ಲಿ ವಯರಿಂಗ್ ಕೆಲಸದವರು ಇದ್ದ ಹಾಗೆ ಅಲ್ಲಿ ದೀಪಕ್ಕೆ ಮಂತ್ರ ಹಾಕುವವರು.

ಇದರ ನಿಜವಾದ ಸೊಗಸು ಇರುವುದು ಒಡೆತನದಲ್ಲಿ. ಡ್ರ್ಯಾಗನ್‌ಮಾರ್ಕ್ ಎಂಬ ಗುರುತು ಮೈಮೇಲೆ ಮೂಡುವ ಕೆಲವು ಮನೆತನಗಳ ಕೈಯಲ್ಲಿ ಒಂದೊಂದು ವ್ಯವಹಾರ: ರೈಲು ಓರಿಯನ್ ಮನೆಯದು, ಹಾರುವ ಹಡಗು ಲಿರಾಂಡರ್ ಮನೆಯದು, ತಯಾರಿಕೆ ಕ್ಯಾನಿತ್ ಮನೆಯದು. ಯುದ್ಧಕ್ಕೆಂದು ಕ್ಯಾನಿತ್ ಮನೆ ಕಬ್ಬಿಣ, ಮರ, ಕಲ್ಲಿನಿಂದ ಮಾಡಿದ ವಾರ್‌ಫೋರ್ಜ್ಡ್ ಎಂಬ ಸೈನಿಕರು ಯುದ್ಧ ಮುಗಿದ ಮೇಲೆ ಒಪ್ಪಂದದಿಂದ ಸ್ವತಂತ್ರರಾಗುತ್ತಾರೆ. ಕೆಲಸ ಇಲ್ಲ, ಮನೆ ಇಲ್ಲ, ಹುಟ್ಟಿಸಿದ ಕಾರಣವೂ ಮುಗಿದಿದೆ. ಇಂಥ ಪಾತ್ರವನ್ನು ಹದಿನಾರು ವಯಸ್ಸಿನ ಹುಡುಗನೊಬ್ಬ ಮನಸ್ಸಿಟ್ಟು ಆಡುವುದನ್ನು ನೋಡಿದರೆ ಈ ಆಟಗಳ ಬೆಲೆ ಏನೆಂದು ಗೊತ್ತಾಗುತ್ತದೆ.

ಪತ್ತೇದಾರಿ ಕಥೆ, ವ್ಯಾಪಾರ, ರಾಜಕೀಯ ಇಷ್ಟವಿದ್ದವರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಕಷ್ಟವೆಂದರೆ ಬೆರಗು ಕರಗುತ್ತದೆ. ಮಂತ್ರಕ್ಕೂ ಕರೆಂಟಿನ ಹಾಗೆ ಬಿಲ್ ಬರತೊಡಗಿದ ಮೇಲೆ ಯಾರ ರೋಮವೂ ನಿಮಿರುವುದಿಲ್ಲ. ನಡೆಸುವವರಿಗೆ ತಯಾರಿಯೂ ಹೆಚ್ಚು: ದರ, ಮಾಲಿಕತ್ವ, ಒಪ್ಪಂದ ಎಲ್ಲ ಗೊತ್ತಿರಬೇಕು. ಗಡಿನಾಡಿನ ಮೇಜಿಗೆ ಇಲ್ಲಿ ಒಂದು ಅನುಕೂಲವೂ ಉಂಟು. ನಾಲ್ಕು ಜನ ಕೂತರೆ ತುಳು, ಕನ್ನಡ, ಮಲಯಾಳ, ಬ್ಯಾರಿ ಎಲ್ಲ ಮೇಜಿನ ಮೇಲೆ ಬರುತ್ತದೆ. ಪ್ರತಿ ಮನೆತನಕ್ಕೂ ಒಂದೊಂದು ಭಾಷೆ ಕೊಡಿ, ಯಂತ್ರದ ಮೇಲಿನ ಬರಹ ಆ ಭಾಷೆಯಲ್ಲಿ ಮಾತ್ರ ಇರಲಿ. ಓದಲು ಬರುವವಳಿಲ್ಲದೆ ಬಾಗಿಲು ತೆರೆಯುವುದಿಲ್ಲ. ಕಾಸರಗೋಡು ಕೇರಳಕ್ಕೆ ಸೇರಿದ 1956ರ ನವೆಂಬರ್ 1ರ ನಂತರ ಇಲ್ಲಿ ಹುಟ್ಟಿ ಬೆಳೆದವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಖರ್ಚು ಇನ್ನೊಬ್ಬರ ತಲೆ ಮೇಲೆ

ಮೂರನೆಯದು ಭಾರವಾದ ದಾರಿ: ಯಂತ್ರ ಓಡುವುದು ಯಾವುದೋ ಜೀವದ ಸತ್ವ ಹಿಂಡಿ. ಫೈನಲ್ ಫ್ಯಾಂಟಸಿ ಸರಣಿಯ ಆರನೇ ಆಟದಲ್ಲಿ (1994) ಸಾಮ್ರಾಜ್ಯವು ಎಸ್ಪರ್ ಎಂಬ ಮಂತ್ರಜೀವಿಗಳಿಂದ ಶಕ್ತಿ ಹೀರಿ ಯುದ್ಧಯಂತ್ರ ನಡೆಸುತ್ತದೆ. ಏಳನೆಯದರಲ್ಲಿ (1997) ಮಿಡ್‌ಗಾರ್ ನಗರದ ಸುತ್ತ ಎಂಟು ಸ್ಥಾವರಗಳು ಭೂಮಿಯ ಜೀವದ್ರವವನ್ನು ಮೇಲೆತ್ತಿ ವಿದ್ಯುತ್ ಮಾಡುತ್ತವೆ. ಅದೇ ದ್ರವ ಗಟ್ಟಿಯಾದರೆ ಮೆಟೀರಿಯಾ, ಅಂದರೆ ಮಂತ್ರ. ಸ್ಥಾವರ ಸ್ಫೋಟಿಸಲು ಹೋಗುವ ನಾಯಕನ ಕತ್ತಿಯಲ್ಲಿ ಕೂತಿರುವುದೂ ಅದೇ ಎಂಬುದು ಆ ಆಟದ ಅತಿ ಚೂಪಾದ ಯೋಚನೆ. 2012ರ ಡಿಸ್‌ಆನರ್ಡ್‌ನಲ್ಲಿ ಡನ್‌ವಾಲ್ ನಗರದ ವಿದ್ಯುತ್ ಗೋಡೆಗಳು ತಿಮಿಂಗಿಲದ ಎಣ್ಣೆಯಿಂದ ನಡೆಯುತ್ತವೆ. ಎಣ್ಣೆಯ ಡಬ್ಬಿಯನ್ನು ಕೈಯಾರೆ ಕಿತ್ತು ತೆಗೆದರೆ ಗೋಡೆ ಆರುತ್ತದೆ. ಒಂದು ಕೈಚಲನೆಯಲ್ಲಿ ಇಡೀ ನಗರದ ಅರ್ಥವ್ಯವಸ್ಥೆ ಆಟಗಾರನಿಗೆ ತಿಳಿಯುವುದು ಹೀಗೆ. ಉದ್ದದ ವಿವರಣೆ ಓದಿ ಹೇಳುವ ಅಭ್ಯಾಸ ಇರುವ ಜಿಎಂಗಳು, ಅಂದರೆ ಆಟ ನಡೆಸುವವರು, ಇದನ್ನು ಗಮನಿಸಬೇಕು.

ಕಾಸರಗೋಡಿನಲ್ಲಿ ಕೂತು ಈ ದಾರಿ ಆರಿಸುವವರಿಗೆ ಒಂದು ಮಾತು ಗಂಭೀರವಾಗಿ ಹೇಳಬೇಕು. 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯಿತು. ಎಣ್ಮಕಜೆಯ ಪಡ್ರೆ, ಸ್ವರ್ಗ ಮೊದಲಾದ ಊರುಗಳ ಹೆಸರು ಲೋಕಕ್ಕೆ ಗೊತ್ತಾದದ್ದು ಅದರಿಂದ. 2011ರಲ್ಲಿ ಸುಪ್ರೀಂ ಕೋರ್ಟ್ ದೇಶದಲ್ಲೇ ಅದನ್ನು ನಿಲ್ಲಿಸಿತು. ಫಸಲು ಒಬ್ಬರದು, ಖರ್ಚು ಇನ್ನೊಬ್ಬರ ಮಕ್ಕಳದ್ದು. ಮೂರನೇ ಪ್ರಶ್ನೆಯನ್ನು ನಾನು ಅಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೇ. ಹಾಗಾಗಿ ನಿಮ್ಮ ಲೋಕದಲ್ಲಿ ವಿಷದ ಮಂಜು ಬಿದ್ದ ಊರು ಬಂದರೆ ಅಲ್ಲಿನ ಕಾಯಿಲೆಯವರನ್ನು ರಾಕ್ಷಸರನ್ನಾಗಿ ಮಾಡಬೇಡಿ. ವಿಷ ತಾಗಿ ವಿಕಾರವಾದ ಜೀವಿಯನ್ನು ಕತ್ತಿಯಿಂದ ಕಡಿಯುವುದು ಗೇಮುಗಳಲ್ಲಿ ಸವೆದ ದಾರಿ. ನಿಮ್ಮ ಮೇಜಿನಲ್ಲಿ ಕೂತವಳ ಮನೆಯಲ್ಲೇ ಹಾಸಿಗೆ ಹಿಡಿದ ಅಣ್ಣ ಇರಬಹುದು. ಕಾಯಿಲೆಯವರಿಗೆ ಹೆಸರು ಕೊಡಿ, ಮಾತು ಕೊಡಿ, ಬೇಡಿಕೆ ಕೊಡಿ. ಎದುರಾಳಿ ಬೇಕಿದ್ದರೆ ಮೇಲಿನಿಂದ ಸುರಿದವರನ್ನು ಮಾಡಿ.

ಹಿರಿಯರು, ಅದರಲ್ಲೂ ಒಬ್ಬರನ್ನೊಬ್ಬರು ಚೆನ್ನಾಗಿ ಬಲ್ಲವರು ಸೇರಿದ ಗುಂಪಿಗೆ ಈ ದಾರಿ ಸರಿ. ಹೊಸಬರಿಗೆ, ಹತ್ತು ಹನ್ನೆರಡರ ಮಕ್ಕಳಿಗೆ ಬೇಡ.

ಯಂತ್ರಕ್ಕೆ ಪೂಜೆ

ನಾಲ್ಕನೆಯದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ವಾರ್‌ಹ್ಯಾಮರ್ 40,000 (1987) ಆಟದಲ್ಲಿ ಯಂತ್ರ ಹೇಗೆ ನಡೆಯುತ್ತದೆಂಬ ಜ್ಞಾನ ಬಹುಪಾಲು ಕಳೆದುಹೋಗಿದೆ. ಪುರೋಹಿತರು ಧೂಪ ಹಾಕಿ, ಎಣ್ಣೆ ಹಚ್ಚಿ, ಸ್ತೋತ್ರ ಹೇಳಿ ಯಂತ್ರದ ಆತ್ಮವನ್ನು ಒಲಿಸುತ್ತಾರೆ. ನ್ಯೂಮೆನೆರಾ (2013) ಸುಮಾರು ನೂರು ಕೋಟಿ ವರ್ಷ ಮುಂದಿನ ಭೂಮಿ. ಹಳೆಯ ನಾಗರಿಕತೆಗಳು ಬಿಟ್ಟುಹೋದ ಸಾಮಾನನ್ನೇ ಜನ ಮಂತ್ರ ಎನ್ನುತ್ತಾರೆ. ಆಯುಧಪೂಜೆಗೆ ಟಿಲ್ಲರಿಗೂ ಜೀಪಿಗೂ ಹೂ ಹಾಕುವ ನಮಗೆ ಇದು ಹತ್ತಿರದ್ದು ಅನಿಸಬಹುದು. ಅಷ್ಟು ಹತ್ತಿರ ಅಲ್ಲ. ನಮ್ಮ ಮೆಕ್ಯಾನಿಕ್ ಕುಂಕುಮವನ್ನೂ ಇಡುತ್ತಾನೆ, ಕಾರ್ಬುರೇಟರನ್ನೂ ಬಿಚ್ಚುತ್ತಾನೆ. ಆ ಲೋಕಗಳ ಭಯ ಇರುವುದು ಬಿಚ್ಚಲು ಗೊತ್ತಿಲ್ಲದಿರುವುದರಲ್ಲಿ. ಹಾಳುಬಿದ್ದ ಕೋಟೆ, ಗುಹೆ ಹುಡುಕಾಡುವ ಆಟ ಬೇಕಿದ್ದವರಿಗೆ ಈ ದಾರಿಯೇ ಸಾಕು, ತಯಾರಿಯೂ ಕಡಿಮೆ.

ಒಂದೇ ಗುಡ್ಡದ ನೀರು

ನಾನು ಕೈಬಿಡದೆ ಹೇಳುವುದು ಐದನೆಯದನ್ನು. ಮಂತ್ರಕ್ಕೂ ಯಂತ್ರಕ್ಕೂ ಹಗೆ ಇಲ್ಲ, ಒಂದು ಇನ್ನೊಂದರ ವೇಷವೂ ಅಲ್ಲ. ಎರಡೂ ಒಂದೇ ಸಂಪತ್ತಿಗೆ ಕೈ ಹಾಕುತ್ತವೆ, ಆ ಸಂಪತ್ತು ಮುಗಿಯುವಂಥದ್ದು.

ನಮ್ಮ ಯಕ್ಷಗಾನವನ್ನೇ ನೋಡಿ. ಯಕ್ಷಗಾನ ಕವಿ ಪಾರ್ತಿಸುಬ್ಬನ ಕುಂಬಳೆ ಸೀಮೆಯಲ್ಲಿ ದೀವಟಿಗೆಯ ಬೆಳಕಿನಲ್ಲಿ ನಡೆದ ಆಟಕ್ಕೆ ಗ್ಯಾಸ್‌ಲೈಟ್ ಬಂತು, ಟ್ಯೂಬ್‌ಲೈಟ್ ಬಂತು, ಮೈಕ್ ಬಂತು, ಈಗ ಎಲ್‌ಇಡಿ. ಬಣ್ಣದ ವೇಷ ಬರುವಾಗ ಇವತ್ತಿಗೂ ದೀವಟಿಗೆಗೆ ರಾಳದ ಪುಡಿ ಎರಚುತ್ತಾರೆ. ಭುಗಿಲೆದ್ದ ಬೆಂಕಿಗೆ ಮುಂದೆ ಕೂತ ಮಗು ಇವತ್ತಿಗೂ ಅಮ್ಮನ ಸೆರಗು ಹಿಡಿಯುತ್ತದೆ. ಎರಡು ಬೆಳಕೂ ಒಂದೇ ರಂಗದಲ್ಲಿ ತಂತಮ್ಮ ಕೆಲಸ ಮಾಡುತ್ತವೆ. ಆಟದ ಲೋಕದಲ್ಲಿ ಇಂಥ ನೆರೆಕರೆ ತರಬೇಕಾದರೆ ಎರಡಕ್ಕೂ ಬೇಕಾದ ಒಂದು ವಸ್ತು ಬೇಕು. ನಾನು ತೆಗೆದುಕೊಂಡದ್ದು ಸುರಂಗದ ನೀರು.

ಎಣ್ಮಕಜೆ, ಬಾಯಾರು ಕಡೆಯ ಗುಡ್ಡಗಳಲ್ಲಿ ಸುರಂಗ ಇರುವುದು ನಿಮಗೆ ಗೊತ್ತು. ಮುರಕಲ್ಲಿನ ಗುಡ್ಡಕ್ಕೆ ಅಡ್ಡಲಾಗಿ, ಒಬ್ಬ ಬಗ್ಗಿ ಹೋಗುವಷ್ಟು ಅಗಲಕ್ಕೆ ಪಿಕ್ಕಾಸಿನಿಂದ ಕೊರೆಯುತ್ತಾರೆ. ಒಸರು ಸಿಕ್ಕಿದ ಮೇಲೆ ನೀರು ತಾನಾಗಿ ಇಳಿದು ಹೊರಬರುತ್ತದೆ, ಪಂಪು ಬೇಡ. ಅಡಿಕೆ ದಂಬೆಯಲ್ಲೋ ಪೈಪಿನಲ್ಲೋ ಟಾಂಕಿಗೆ ಬೀಳುತ್ತದೆ. ಎಲ್ಲಿ ಕೊರೆಯಬೇಕೆಂದು ಹೇಳಲು ನೀರು ನೋಡುವವರು ಬರುತ್ತಾರೆ, ಕವಲುಕಡ್ಡಿ ಹಿಡಿದೋ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡೋ. ಈಚೆಗೆ ಬೋರ್‌ವೆಲ್ ಲಾರಿಯೂ ಬರುತ್ತದೆ. ಕಡ್ಡಿ, ಪಿಕ್ಕಾಸು, ರಿಗ್ಗು: ಒಂದು ಮಂತ್ರ, ಒಂದು ಕೈಕಸುಬು, ಒಂದು ಯಂತ್ರ. ಗುಡ್ಡ ಒಂದೇ.

ನಿಯಮ ಹೀಗೆ ಇಡಬಹುದು. ಬೇಸಿಗೆಯ ಮೊದಲ ದಿನ ಊರಿನ ಹೆಸರಿಗೆ 20 ನೀರು. ಊರು ದಿನಕ್ಕೆ 2 ಕುಡಿಯುತ್ತದೆ. ಸುರಂಗ ಕೊರೆಯಲು ಆಟದ ಲೆಕ್ಕದಲ್ಲಿ ಏಳು ದಿನ ಬೇಕು. ಆಮೇಲೆ ದಿನಕ್ಕೆ 1 ಕೊಡುತ್ತದೆ. ಬೋರ್‌ವೆಲ್ ಅದೇ ದಿನ 5 ಕೊಡುತ್ತದೆ, ಆದರೆ ಅದರ ಪಕ್ಕದ ಒಂದು ಸುರಂಗ ಬತ್ತುತ್ತದೆ. ಯಾವ ಸುರಂಗವೆಂದು ಡೈಸ್ ಹೇಳಲಿ. ಮಾಂತ್ರಿಕ ನೀರು ಕರೆದರೆ ಕೂಡಲೇ 3, ಮುಂದಿನ ಮಳೆಗಾಲದ ಲೆಕ್ಕದಿಂದ 3 ಕಡಿತ. ನೀರು ನೋಡುವವಳು ಎಲ್ಲಿದೆ ಎಂದು ಸರಿಯಾಗಿಯೇ ಹೇಳುತ್ತಾಳೆ, ಎಷ್ಟಿದೆ ಎಂದು ಹೇಳಲಾರಳು. ಈ ಅಂಕಿಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಜಿನ ನಡುವೆ ಕಾಗದದ ಮೇಲೆ ಬರೆದಿಡಿ. 20 ಅಳಿಸಿ 18, 18 ಅಳಿಸಿ 16 ಆಗುವಾಗ ಯಾರೂ ಫೋನ್ ನೋಡುವುದಿಲ್ಲ.

ನಮ್ಮ ಮೇಜಿನಲ್ಲಿ ಇದು ಹೇಗೆ ನಡೆಯಿತೆಂದು ಸ್ವಲ್ಪ ಹೇಳುತ್ತೇನೆ. ಕೊರೆಯುವವನ ಪಾತ್ರ ಸುರಂಗದ ತುದಿಯಲ್ಲಿದೆ. ನಿಜವಾದ ಸುರಂಗದಲ್ಲಿ ಮಾಡುವಂತೆ ಪಕ್ಕದಲ್ಲಿ ಮೇಣದಬತ್ತಿ ಹೊತ್ತಿಸಿಟ್ಟಿದ್ದಾನೆ; ಬತ್ತಿ ಕುಂದಿದರೆ ಒಳಗೆ ಉಸಿರಾಡುವ ಗಾಳಿ ಕಡಿಮೆಯಾಯಿತು ಎಂದರ್ಥ. ಬತ್ತಿ ಕುಂದಿತು ಎಂದೆ, ಆಟ ನಡೆಸುತ್ತಿದ್ದ ನಾನು.

“ಹೊರಗೆ ಬಾ ಮಾರಾಯ,” ಎಂದಳು ನೀರು ನೋಡುವವಳನ್ನು ಆಡುತ್ತಿದ್ದ ಹುಡುಗಿ.

“ಇನ್ನು ಒಂದು ಕೋಲು ಕೊರೆದರೆ ಒಸರು ಸಿಗ್ತದೆ, ನೀನೇ ಹೇಳಿದ್ದು.”

ಮಾಂತ್ರಿಕ ನನ್ನ ಕಡೆ ತಿರುಗಿದ. “ಅಣ್ಣಾ, ಗಾಳಿ ಮಂತ್ರ ಹಾಕ್ತೇನೆ.”

“ಹಾಕು. ಗಾಳಿ ಎಲ್ಲಿಂದ ತರ್ತೀಯ?”

ಅವನು ಯೋಚಿಸಿದ. ಹತ್ತಿರದ ಗಾಳಿ ಎಂದರೆ ಪಕ್ಕದ ಸುರಂಗದ್ದು, ಅಲ್ಲೂ ಒಬ್ಬ ಆಳು ಕೊರೆಯುತ್ತಿದ್ದಾನೆ. ಮೇಜು ಸುಮ್ಮನಾಯಿತು. ಕೊನೆಗೆ ಮೆಕ್ಯಾನಿಕನ ಪಾತ್ರ ಮೇಲಿನಿಂದ ಗಾಳಿಕಿಂಡಿ ಕೊರೆಯಲು ಹೊರಟ. ನೀರು ನೋಡುವವಳು ಗುಡ್ಡದ ಮೇಲೆ ನಡೆದು ಕಿಂಡಿಗೆ ಜಾಗ ತೋರಿಸಿದಳು. ಮಾಂತ್ರಿಕ ಅಷ್ಟು ಹೊತ್ತು ಬತ್ತಿಯನ್ನು ಮಾತ್ರ ಆರದಂತೆ ಹಿಡಿದ. ಯಾರ ವಿದ್ಯೆಯೂ ಇನ್ನೊಬ್ಬರದನ್ನು ಬೇಡವಾಗಿಸಲಿಲ್ಲ. ಐದನೇ ದಾರಿಯಿಂದ ನಾನು ಬಯಸುವುದು ಇಷ್ಟನ್ನೇ.

ಒಂದು ಎಚ್ಚರಿಕೆ. ಊರಿನ ಲೋಕ ಕಟ್ಟುತ್ತೇವೆಂದು ಪಂಜುರ್ಲಿ, ಗುಳಿಗ, ವಿಷ್ಣುಮೂರ್ತಿಗೆ ಹಿಟ್ ಪಾಯಿಂಟ್ (ಏಟು ಬಿದ್ದಂತೆ ಇಳಿದು ಸೊನ್ನೆಯಾದರೆ ಸೋಲುವ ಅಂಕ) ಬರೆಯಬೇಡಿ. ಜನ ಕೈಮುಗಿಯುವ ದೈವವನ್ನು ಲೆವೆಲ್ ಏರಿಸುವ ಬೇಟೆ ಮಾಡುವುದು ನೋವು ಕೊಡುತ್ತದೆ, ಕಥೆಗೂ ಏನೂ ಸಿಗುವುದಿಲ್ಲ. ಗುಡ್ಡಕ್ಕೊಂದು ಕಾಯುವ ಶಕ್ತಿ ಬೇಕಿದ್ದರೆ ನೀವೇ ಹುಟ್ಟಿಸಿ, ಹೆಸರೂ ನಿಮ್ಮದೇ ಇರಲಿ, ಅದು ಸಾಯದಿರಲಿ.

ಯಾರಿಗೆ ಯಾವುದು

ಒಬ್ಬರೇ ಕೂತು ಕಂಪ್ಯೂಟರಿನಲ್ಲಿ ಆಡುವ ಗೇಮ್ ಮಾಡುವವರು ಆರ್ಕೇನಮ್‌ನ ತಕ್ಕಡಿಯಿಂದ ಕಲಿಯಿರಿ. ಕೋಡ್ ಬರೆಯಲೂ ಸುಲಭ, ಒಂದು ಅಂಕಿ ಎರಡು ಕಡೆ ವಾಲುತ್ತದೆ. ವಾರವಾರ ತಪ್ಪದೆ ಸೇರುವ, ವಾದ ಮಾಡಲು ಇಷ್ಟಪಡುವ ಕಾಲೇಜಿನ ಗುಂಪಿಗೆ ಎಬೆರಾನ್ ಬಗೆಯದು. ರಜೆಯಲ್ಲಿ ಮಾತ್ರ ಸಿಗುವ ದಾಯಾದಿ ಮಕ್ಕಳ ಗುಂಪಿಗೆ, ಕರೆಂಟು ಹೋದ ಮಳೆಗಾಲದ ಸಂಜೆಗೆ, ಒಂದೇ ಗುಡ್ಡದ ಲೋಕ. ಅದಕ್ಕೆ ಪುಸ್ತಕ ಬೇಡ, ಒಂದು ಕಾಗದ, ಪೆನ್ಸಿಲ್, ಲೂಡೋ ಡಬ್ಬಿಯ ದಾಳ ಸಾಕು.

ಆಟ ಅರ್ಧ ದಾರಿ ಬಂದ ಮೇಲೆ ಲೋಕ ಬದಲಿಸಬೇಕು ಅನಿಸಿದರೆ ಯಾವುದರಿಂದ ಯಾವುದಕ್ಕೆ ಹೋಗಬಹುದೆಂದು ತಿಳಿದಿರಲಿ. ಎರಡನೆಯದರಿಂದ ಮೂರನೆಯದಕ್ಕೆ ಹೋಗುವುದು ಸಲೀಸು: ಇಷ್ಟು ದಿನ ಹತ್ತಿದ ರೈಲಿನ ಎಂಜಿನ್ ಒಳಗೆ ಕಟ್ಟಿಹಾಕಿದ ಜೀವಕ್ಕೆ ನೋವಾಗುತ್ತದೆ ಎಂದು ಒಂದು ದಿನ ಆಟಗಾರರಿಗೆ ಗೊತ್ತಾದರೆ ಮುಗಿಯಿತು. ತಿರುಗಿ ಬರಲು ಆಗುವುದಿಲ್ಲ. ಆ ನೋವು ಕೇಳಿದವರು ಮತ್ತೆ ಟಿಕೆಟ್ ತೆಗೆದುಕೊಂಡು ನೆಮ್ಮದಿಯಿಂದ ಕೂರಲಾರರು. ಮೊದಲನೆಯದರಿಂದ ಬೇರೆಡೆಗೆ ಹೋಗುವುದು ಎಲ್ಲಕ್ಕಿಂತ ಕಷ್ಟ, ಏಕೆಂದರೆ ಹಗೆಯನ್ನು ನಂಬಿ ಆಟಗಾರರು ತಮ್ಮ ಪಾತ್ರದ ಅಂಕಗಳನ್ನು ಆಗಲೇ ಖರ್ಚು ಮಾಡಿರುತ್ತಾರೆ. ಐದನೆಯದರಿಂದ ಹೊರಟರೆ ಬಾಗಿಲುಗಳೆಲ್ಲ ತೆರೆದೇ ಇರುತ್ತವೆ. ನೀರಿನ ಅಂಕಿ ಸೊನ್ನೆಗೆ ಬಂದ ದಿನ ಊರವರು ಮಾಂತ್ರಿಕನನ್ನು ಓಡಿಸಬಹುದು, ರಿಗ್ಗಿನ ಮಾಲಿಕನ ಕೈಗೆ ಗುಡ್ಡವನ್ನೇ ಬರೆದುಕೊಡಬಹುದು, ಇಲ್ಲವೇ ಪಿಕ್ಕಾಸು ಹಿಡಿದು ಇನ್ನೊಂದು ಸುರಂಗಕ್ಕೆ ಇಳಿಯಬಹುದು. ಯಾವುದೆಂದು ನೀವು ಮೊದಲೇ ಬರೆದಿಡಬೇಡಿ, ಆಡುವವರು ಹೇಳಲಿ.